ವಿಮಾನ ಬೇರೆ ಕಡೆ ಇಳಿದರೆ ಗಾಬರಿ ಬೇಡ

ಗುಂಪಿನವರ ಗಮನಕ್ಕೆ: ಬಜಪೆಗೆ (ನಮ್ಮ ಮಂಗಳೂರು ವಿಮಾನ ನಿಲ್ದಾಣಕ್ಕೆ) ಬರಬೇಕಿದ್ದ ವಿಮಾನ ಕೊಚ್ಚಿಗೋ ಬೆಂಗಳೂರಿಗೋ ಹೋದ ಕೂಡಲೇ ವಾಯ್ಸ್ ಮೆಸೇಜ್ ಹಾಕಿ ಹೆದರಿಸಬೇಡಿ ಮಾರಾಯ್ರೆ. ಪರ್ಯಾಯ ನಿಲ್ದಾಣ ಯಾವುದೆಂದು ಹೊರಡುವ ಮೊದಲೇ ಗೊತ್ತುಮಾಡಿ, ಅಲ್ಲಿಯವರೆಗಿನ ಇಂಧನವನ್ನೂ ತುಂಬಿಸಿರುತ್ತಾರೆ. ತುರ್ತು ಬಂದರೆ ಲೆಕ್ಕವೇ ಬೇರೆ. ಒಳಗೆ ಬೆಂಕಿಯೋ ಹೊಗೆಯೋ ಆದರೆ ಎಲ್ಲಿ ಬೇಗ ಇಳಿಯಲಿಕ್ಕೆ ಆಗ್ತದೋ ಅಲ್ಲಿಗೇ. ಎರಡರಲ್ಲಿ ಒಂದು ಎಂಜಿನ್ ನಿಂತರೆ ರನ್‌ವೇ ಉದ್ದ, ಹವೆ, ಅಗ್ನಿಶಾಮಕ ವ್ಯವಸ್ಥೆ ಎಲ್ಲ ನೋಡ್ತಾರೆ; ಗುಡ್ಡದ ಮೇಲಿನ, ಅಂಚಿನಾಚೆ ಕಣಿವೆ ಇರುವ ನಮ್ಮ ಟೇಬಲ್‌ಟಾಪ್ ರನ್‌ವೇ ಹತ್ತಿರವಿದ್ದರೂ ಜಡಿಮಳೆಯಲ್ಲಿ ಮೊದಲ ಆಯ್ಕೆ ಆಗಲಿಕ್ಕಿಲ್ಲ. ಯಾರಿಗಾದರೂ ಎದೆನೋವು ಬಂದರೆ ನೆಲದಲ್ಲಿರುವ ವೈದ್ಯರನ್ನು ಕೇಳುವುದೂ ಉಂಟು. ಆಗ ಸಮೀಪದ ಸಣ್ಣ ನಿಲ್ದಾಣಕ್ಕಿಂತ ಸ್ವಲ್ಪ ದೂರದ, ದೊಡ್ಡ ಆಸ್ಪತ್ರೆ ಇರುವ ಊರೇ ವಾಸಿ. ಕೊನೆಯ ತೀರ್ಮಾನ ಕ್ಯಾಪ್ಟನ್‌ದು. ಕರೆದುಕೊಂಡು ಬರಲಿಕ್ಕೆ ಹೋಗುವವರು ಏರ್‌ಲೈನ್‌ನ ಆ್ಯಪ್ ನೋಡಿಯೇ ಕಾರು ತೆಗೆಯಿರಿ.