ಸ್ಟೇನ್‌ಲೆಸ್ ರಿವಾಲ್ವರಿಗೆ ಬಫಿಂಗ್ ಚಕ್ರ ಬೇಡ

ಮಾನ್ಯ ಸಂಪಾದಕರೇ,

ಖಂಡೇ ನವಮಿಗೆ ಪೂಜೆಗಿಡುವ ಪರವಾನಗಿ ರಿವಾಲ್ವರನ್ನು ಬಫಿಂಗ್ ಅಂಗಡಿಗೆ, ಅಂದರೆ ವೇಗವಾಗಿ ತಿರುಗುವ ಚಕ್ರಕ್ಕೆ ಒತ್ತಿ ಲೋಹವನ್ನು ಉಜ್ಜಿ ಹೊಳಪಿಸುವಲ್ಲಿಗೆ, ಕೊಟ್ಟು ಹೊಸದರಂತೆ ಹೊಳೆಯಿಸಿಕೊಳ್ಳಬಹುದೆಂದು ಪುಣೆಯ ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಸೇನೆಯಲ್ಲಿ ಆರ್ಮರರ್ (ಬಂದೂಕುಗಳನ್ನು ದುರಸ್ತಿ ಮಾಡಿ ನೋಡಿಕೊಳ್ಳುವವ) ಆಗಿದ್ದು, ನಿವೃತ್ತಿಯ ನಂತರ ಭೋಸರಿಯ ಟೂಲ್ ರೂಮೊಂದರಲ್ಲಿ ಡೈ (ಲೋಹದ ಅಚ್ಚು) ಪಾಲಿಶ್ ಮಾಡಿದ ನನಗೆ ಅದನ್ನು ಓದಿ ಆತಂಕವಾಯಿತು. ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಮಾಜಿ ಸೈನಿಕರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರಾದರೂ ಆ ಸಲಹೆಯನ್ನು ಪಾಲಿಸುವ ಮೊದಲು ಈ ಪತ್ರವನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಮೊದಲನೆಯದಾಗಿ ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದವರು ಬಂದೂಕನ್ನು ತಮ್ಮ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ, ದುರಸ್ತಿ ಮಾಡುವವರಿಗೂ ಅದಕ್ಕೆಂದೇ ಪರವಾನಗಿ ಇರಬೇಕು. ನಲ್ಲಿ, ಹಿಡಿಕೆ, ಪಾತ್ರೆಗಳಿಗೆ ಹೊಳಪು ಕೊಡುವ ಅಂಗಡಿಯವನ ಕೈಗೆ ರಿವಾಲ್ವರ್ ಒಪ್ಪಿಸಿ ಸಂಜೆ ಬರುತ್ತೇನೆಂದು ಹೇಳಿ ಹೋದರೆ ಅವನನ್ನೂ ನಮ್ಮನ್ನೂ ಅಪಾಯಕ್ಕೆ ನೂಕಿದಂತೆಯೇ ಸರಿ. ಅದೇ ಕಾಯ್ದೆಯ 8ನೇ ಸೆಕ್ಷನ್ ಬಂದೂಕಿನ ಮೇಲೆ ಒತ್ತಿರುವ ಹೆಸರು, ಸಂಖ್ಯೆ ಮತ್ತು ಗುರುತುಗಳನ್ನು ಅಳಿಸುವುದನ್ನು ನಿಷೇಧಿಸುತ್ತದೆ. ಗುರುತು ಅಳಿದ ಬಂದೂಕು ಯಾರ ಬಳಿ ಸಿಗುತ್ತದೋ ಅವರೇ ಅದನ್ನು ಅಳಿಸಿದ್ದಾರೆಂದು, ಬೇರೆ ರೀತಿ ಸಾಬೀತಾಗುವವರೆಗೆ, ಕಾನೂನು ಭಾವಿಸಿಕೊಳ್ಳುತ್ತದೆ. ಹಬ್ಬಕ್ಕೆ ಹೊಳಪು ಕೊಡಿಸಿದೆ ಎಂಬ ಸಮಜಾಯಿಷಿಯನ್ನು ಸಾಬೀತುಪಡಿಸುವ ಹೊಣೆಯೂ ನಮ್ಮ ಮೇಲೆಯೇ ಬೀಳುತ್ತದೆ.

ಇದು ಕೇವಲ ಊಹೆಯ ಭಯವಲ್ಲ. ಖಡಕಿಯಲ್ಲಿರುವ ನಿವೃತ್ತ ಸುಬೇದಾರರೊಬ್ಬರು ಹೀಗೆ ಬಫಿಂಗ್ ಮಾಡಿಸಿದ ತಮ್ಮ ರಿವಾಲ್ವರನ್ನು ನನಗೆ ತೋರಿಸಿದರು. ದೂರದಿಂದ ಥಳಥಳಿಸುತ್ತಿತ್ತು. ಹತ್ತಿರದಿಂದ ನೋಡಿದಾಗ ಬ್ಯಾರಲ್ಲಿನ ಚಪ್ಪಟೆ ಬದಿ ಮೇಲಂಚನ್ನು ಸೇರುವಲ್ಲಿದ್ದ ಚೂಪಾದ ಗೆರೆ ಸವೆದು ದುಂಡಗಾಗಿತ್ತು. ಒಳಗಿನ ಯಂತ್ರವನ್ನು ಮುಚ್ಚುವ ಪಕ್ಕದ ತಗಡಿನ ಸ್ಕ್ರೂ ರಂಧ್ರಗಳ ಸುತ್ತಲಿನ ಲೋಹ ತಗ್ಗಿಹೋಗಿ, ಸ್ಕ್ರೂ ತಲೆಗಳು ಮೇಲಕ್ಕೆ ಎದ್ದಂತೆ ಕಾಣುತ್ತಿದ್ದವು. ಕಂಪನಿಯ ಹೆಸರಿನ ಅಕ್ಷರಗಳು ಚಕ್ರ ತಿರುಗಿದ ದಿಕ್ಕಿಗೆ ಎಳೆದಂತೆ ಮಸುಕಾಗಿದ್ದವು. ಸಂಖ್ಯೆಯ ಕೊನೆಯ ಅಂಕಿ ಮೂರೋ ಎಂಟೋ ಎಂಬುದು ಭೂತಗನ್ನಡಿಯಲ್ಲೂ ತಿಳಿಯಲಿಲ್ಲ. ಹೋದ ಲೋಹವನ್ನು ಮರಳಿ ತರುವ ವಿದ್ಯೆ ಯಾವ ಕುಶಲಕರ್ಮಿಗೂ ತಿಳಿದಿಲ್ಲ.

ಸ್ಟೇನ್‌ಲೆಸ್ ಉಕ್ಕಿನ ಹೊಳಪು ಮೇಲೆ ಬಳಿದ ಲೇಪವಲ್ಲ, ಅದು ಲೋಹದ ಮೈಯೇ. ಆದ್ದರಿಂದಲೇ ಅದನ್ನು ಕೈಯಿಂದ ಸರಿಪಡಿಸಲು ಸಾಧ್ಯ. 1965ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ಮಾಡೆಲ್ 60 ಎಂಬ ಸ್ಟೇನ್‌ಲೆಸ್ ರಿವಾಲ್ವರನ್ನು ಮಾರುಕಟ್ಟೆಗೆ ತಂದಾಗ ಅದರ ಮುಖ್ಯ ಗುಣ ಬೆವರಿಗೂ ತೇವಕ್ಕೂ ತಡೆದುಕೊಳ್ಳುವ ಶಕ್ತಿಯಾಗಿತ್ತೇ ಹೊರತು ಮಿನುಗಲ್ಲ. ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಕಟ್ಟಿಕೊಳ್ಳುತ್ತದೆ. ತುಕ್ಕನ್ನು ತಡೆಯುವುದು ಆ ಪೊರೆ. ನಮ್ಮ ಅಡುಗೆಮನೆಯ ಒಳ್ಳೆಯ ಪಾತ್ರೆಗಳ 304 ದರ್ಜೆಯ ಉಕ್ಕಿನಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ ಮತ್ತು 8 ಶೇಕಡಾ ನಿಕ್ಕಲ್ ಇದ್ದರೆ, ಬಂದೂಕುಗಳಿಗೆ ಹೆಚ್ಚಾಗಿ ಬಳಸುವ 410, 416 ದರ್ಜೆಗಳಲ್ಲಿ ಕ್ರೋಮಿಯಂ 12–13 ಶೇಕಡಾದ ಆಸುಪಾಸಿನಲ್ಲಿರುತ್ತದೆ. ಶಾಖ ಕೊಟ್ಟು ಗಟ್ಟಿಗೊಳಿಸಲು ಬರಬೇಕೆಂಬ ಕಾರಣಕ್ಕೆ ಈ ಉಕ್ಕನ್ನು ಆರಿಸುತ್ತಾರೆ. ಇದಕ್ಕೆ ಅಯಸ್ಕಾಂತ ಅಂಟುತ್ತದೆ. ಅಂಟಿತೆಂದು ನಕಲಿ ಉಕ್ಕೆಂದು ಗಾಬರಿಯಾಗಬೇಕಿಲ್ಲ. ಆದರೆ ಪಾತ್ರೆಗಿಂತ ಇದಕ್ಕೆ ಬೇಗ ತುಕ್ಕು ಹಿಡಿಯುತ್ತದೆ ಎಂಬುದನ್ನು ಮರೆಯಬಾರದು.

ಕೈಯಿಂದ ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಗುಂಡುಗಳನ್ನು ತೆಗೆದು ಬೇರೆ ಕೋಣೆಯಲ್ಲಿಟ್ಟು, ಸಿಲಿಂಡರ್ ತೆರೆದು, ಗುಂಡು ಕೂರುವ ಪ್ರತಿಯೊಂದು ಚೇಂಬರನ್ನೂ ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಖಾತರಿ ಮಾಡಿಕೊಳ್ಳದೆ ಬಟ್ಟೆಯನ್ನೂ ಕೈಗೆತ್ತಿಕೊಳ್ಳಬಾರದು. ಹಿಡಿಯ ಎರಡೂ ಹೋಳುಗಳನ್ನು ಸರಿಯಾದ ಅಳತೆಯ ಸ್ಕ್ರೂ ಡ್ರೈವರಿನಿಂದ ಬಿಚ್ಚಬಹುದು. ಪಕ್ಕದ ತಗಡನ್ನು ಬಿಚ್ಚುವುದು ಬೇಡ. ಸಂಖ್ಯೆ, ಹೆಸರು, ಪರೀಕ್ಷಾ ಮುದ್ರೆಗಳ ಮೇಲೆ ಟೇಪ್ ಅಂಟಿಸಿ, ಎಣ್ಣೆಯ ಜಿಡ್ಡನ್ನು ತೆಗೆಯಬೇಕು. ಸಣ್ಣ ಗೀರುಗಳಿಗೆ ಮೆಟಲ್ ಪಾಲಿಶ್ ಪೇಸ್ಟ್ ಮತ್ತು ಮೆತ್ತನೆಯ ಹತ್ತಿ ಬಟ್ಟೆ ಸಾಕು, ಬಹುಪಾಲು ಜನ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಆಳವಾದ ಗೀರಿದ್ದರೆ ಮಾತ್ರ ವಾಟರ್ ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ 600ನೇ ನಂಬರಿನಿಂದ ಆರಂಭಿಸಿ 1000, 1500, 2000 ಎಂದು ಏರುತ್ತ ಹೋಗಬೇಕು (ನಂಬರು ಹೆಚ್ಚಿದಷ್ಟೂ ಕಾಗದ ನಯ). ಬೆರಳಿನಿಂದಲೇ ಒತ್ತಿ ತಿಕ್ಕಿದರೆ ಚಪ್ಪಟೆ ಭಾಗ ಅಲೆಅಲೆಯಾಗುತ್ತದೆ. ಪ್ರತಿ ಸಲ ಕಾಗದ ಬದಲಿಸಿದಾಗ ತಿಕ್ಕುವ ದಿಕ್ಕನ್ನು ಓರೆಯಾಗಿ ಬದಲಿಸಿದರೆ ಹಿಂದಿನ ಗೆರೆಗಳು ಅಡ್ಡಲಾಗಿ ಎದ್ದು ಕಾಣುತ್ತವೆ. ಅವು ಪೂರ್ತಿ ಮಾಯವಾಗುವವರೆಗೆ ಮುಂದಿನ ಕಾಗದ ಹಿಡಿಯಬಾರದು. ಈ ತಾಳ್ಮೆ ಇಲ್ಲದೆ ಕೊನೆಗೆ ಪೇಸ್ಟ್ ಹಚ್ಚಿದರೆ ಹೊಳಪಿನ ಒಳಗೆ ಗೀರು ಇನ್ನಷ್ಟು ಢಾಳಾಗಿ ತೋರುತ್ತದೆ. ಕಂಪನಿಯಿಂದ ಬಂದದ್ದು ಮಂದ ಹೊಳಪಿನ ಸ್ಯಾಟಿನ್ ಮೈಯಾಗಿದ್ದರೆ ಒಂದೇ ದಿಕ್ಕಿಗೆ ನವಿರಾಗಿ ಎಳೆದು ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಉತ್ತಮ. ಟ್ರಿಗರ್, ಹ್ಯಾಮರ್, ಸಿಲಿಂಡರಿನ ಕಚ್ಚುಗಳು, ಬ್ಯಾರಲ್ಲಿನ ಬಾಯಿ ಇವುಗಳಿಗೆ ಕಾಗದ ತಾಕಿಸಲೇಬಾರದು. ಸಿಲಿಂಡರಿನ ಮುಂದಿನ ಮುಖದಲ್ಲಿ ಮೂಡುವ ಕಪ್ಪು ಉಂಗುರಗಳಿಂದ ಯಾವ ಹಾನಿಯೂ ಇಲ್ಲ. ಅವನ್ನು ಅಳಿಸಲು ಹೋಗಿ ಆ ಮುಖವನ್ನೇ ಸವೆಸಬೇಡಿ.

ಪಾತ್ರೆ ತಿಕ್ಕುವ ಕಬ್ಬಿಣದ ತಂತಿಯುಂಡೆಯನ್ನು ಬಳಸಿದರೆ ಅದರ ಕಣಗಳು ಮೈಯಲ್ಲಿ ಸಿಕ್ಕಿಕೊಂಡು ಮಳೆಗಾಲದಲ್ಲಿ ಕಂದು ಚುಕ್ಕೆಗಳಾಗುತ್ತವೆ. ಬೇರೆ ಕಬ್ಬಿಣಕ್ಕೆ ಬಳಸಿದ ಪಾಲಿಶ್ ಕಾಗದಕ್ಕೂ ಇದೇ ದೋಷ. ಬ್ಲೀಚಿಂಗ್ ದ್ರಾವಣದಲ್ಲಿರುವ ಕ್ಲೋರಿನ್ ಆ ರಕ್ಷಕ ಪೊರೆಯನ್ನೇ ಒಡೆದು ಸಣ್ಣ ಗುಂಡಿಗಳನ್ನು ಕೊರೆಯುತ್ತದೆ. ಮುಂಬೈ, ಗೋವಾಗಳ ಉಪ್ಪುಗಾಳಿಯೂ ಇದನ್ನೇ ನಿಧಾನವಾಗಿ ಮಾಡುವುದರಿಂದ ಅಲ್ಲಿರುವವರು ಹೊಳಪಿಗಿಂತ ತೆಳುವಾದ ಎಣ್ಣೆಯ ಪದರಕ್ಕೆ ಹೆಚ್ಚು ಗಮನ ಕೊಡಬೇಕು. ಯಾವ ಊರಾದರೂ ಸರಿ, ರಿವಾಲ್ವರನ್ನು ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬಾರದು. ಚರ್ಮ ತೇವ ಹೀರುತ್ತದೆ. ಇನ್ನು ಹಿರಿಯರಿಂದ ಬಂದ ಹಳೆಯ ರಿವಾಲ್ವರ್ ಬಿಳಿಯಾಗಿದ್ದರೆ ಅದು ಸ್ಟೇನ್‌ಲೆಸ್ ಎಂದೇ ತಿಳಿಯಬೇಡಿ. ಸ್ವಲ್ಪ ಹಳದಿ ಛಾಯೆಯ ಹೊಳಪು ಇದ್ದರೆ ನಿಕ್ಕಲ್ ಲೇಪವಿರಬಹುದು. ಅದಕ್ಕೆ ಕಾಗದವೂ ಬೇಡ, ಅಮೋನಿಯಾ ಇರುವ ಪಾಲಿಶ್ ಕೂಡ ಬೇಡ, ಏಕೆಂದರೆ ಲೇಪದಡಿ ತಾಮ್ರದ ಪದರವಿದ್ದರೆ ಅಮೋನಿಯಾ ಅದನ್ನು ತಿಂದು ಲೇಪ ಎದ್ದುಬರುತ್ತದೆ.

ಈಗಾಗಲೇ ಬಫಿಂಗ್ ಮಾಡಿಸಿ ಸಂಖ್ಯೆ ಮಸುಕಾಗಿದ್ದರೆ ಅದನ್ನು ಮುಚ್ಚಿಡುವುದಾಗಲಿ, ಯಾರಿಂದಲಾದರೂ ಮತ್ತೆ ಕೊರೆಯಿಸುವುದಾಗಲಿ ಸಲ್ಲದು. ಪರವಾನಗಿ ನವೀಕರಣದ ದಿನದವರೆಗೆ ಕಾಯದೆ, ಪುಣೆ ನಗರದವರು ಪೊಲೀಸ್ ಆಯುಕ್ತರ ಕಚೇರಿಯ ಪರವಾನಗಿ ಶಾಖೆಗೆ ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟು, ಸ್ವೀಕೃತಿಯ ಮೊಹರು ಹಾಕಿದ ಪ್ರತಿಯನ್ನು ಪರವಾನಗಿಯ ಜೊತೆಗೇ ಇಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆರ್ಮರರ್, ಪುಣೆ