ನೀಲಿ ಗೆರೆಯ ಸೀಟಿ

ಮುದ್ದು ಪುಟ್ಟಿ,

ನಿನ್ನೆ ರಿಂಗೆಟ್ ಆಡಿ ಐಸ್ ರಿಂಕ್‌ನಿಂದ ಬರುವಾಗ ಕಾರಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ಮುಖ ತಿರುಗಿಸಿಕೊಂಡು ಆಚೆಯ ಹಿಮ ನೋಡುತ್ತಾ ಕೂತಿದ್ದೆ. ನಾನೂ ಕೆದಕಲಿಲ್ಲ. ಎದುರಿಗೆ ಹೇಳಿದರೆ "ಅಮ್ಮಾ, ಲೆಕ್ಚರ್ ಬೇಡ" ಅನ್ನುತ್ತೀಯ, ಅಲ್ವಾ? ಅದಕ್ಕೇ ಈ ಕಾಗದ. ನಿನಗೆ ಕನ್ನಡ ಓದಿದ ಹಾಗೂ ಆಯಿತು.

ಏನಾಯಿತು ಅಂತ ನಾನು ನೋಡಿದೆ. ಕೋಲಿನ ತುದಿಯನ್ನು ಐಸ್ ಮೇಲಿನ ರಬ್ಬರ್ ರಿಂಗಿನೊಳಗೆ ಚುಚ್ಚಿಕೊಂಡು, ಇಬ್ಬರನ್ನು ತಪ್ಪಿಸಿ, ಬಾಣದ ಹಾಗೆ ಹೋದೆ. ನೀಲಿ ಗೆರೆ ದಾಟಿದೆ. ಸೀಟಿ! ರಿಂಗು ಎದುರು ತಂಡಕ್ಕೆ. "ಗೋಲ್ ಹೊಡೆದೇಬಿಡುತ್ತಿದ್ದೆ" ಅನ್ನುವ ಸಿಟ್ಟು ನಿನಗೆ. ನಿಜ, ಹೊಡೆಯುತ್ತಿದ್ದೆ. ಆದರೆ ರಿಂಗೆಟ್‌ನಲ್ಲಿ ಒಬ್ಬಳೇ ರಿಂಗು ತಳ್ಳಿಕೊಂಡು ಆ ಗೆರೆ ದಾಟುವಂತಿಲ್ಲ. ದಾಟಿಸಿ ಇನ್ನೊಬ್ಬಳಿಗೆ ಕೊಡಲೇಬೇಕು.

ಈ ಆಟದಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದೇ ಆ ನಿಯಮ. ಸ್ಕೂಲಿನಲ್ಲಿ ನಾನು ಥ್ರೋಬಾಲ್ ತಂಡದಲ್ಲಿದ್ದೆ ಅಂತ ಹೇಳಿದ್ದೇನಲ್ಲ? ಇದ್ದೆ, ಅಷ್ಟೇ. ಚೆಂಡೆಲ್ಲ ಇಬ್ಬರು ಜೋರು ಹುಡುಗಿಯರ ಕೈಗೇ. ನಾನು ಮೂಲೆಯಲ್ಲಿ ನಿಂತು, ಒಂದು ಹನಿ ಬೆವರದೆ ಮನೆಗೆ ಬರುತ್ತಿದ್ದೆ. ನಿಮ್ಮ ತಂಡದಲ್ಲಿ ಈ ವರ್ಷವಷ್ಟೇ ಸ್ಕೇಟ್ ಕಟ್ಟಿದ ಹುಡುಗಿ ಇದ್ದಾಳಲ್ಲ, ಇನ್ನೂ ಗೋಡೆ ಹಿಡಿದು ನಿಲ್ಲುವವಳು? ಅವಳು ಗೆರೆಯಾಚೆ ನಿಂತು, ಕೋಲಿನಿಂದ ಐಸ್ ಕುಟ್ಟಿ ಕುಟ್ಟಿ ನಿನ್ನನ್ನು ಕರೆಯುತ್ತಿದ್ದಳು. ನೀನು ನೋಡಲಿಲ್ಲ.

ಈ ಆಟ ಹುಟ್ಟಿದ್ದೇ ಹುಡುಗಿಯರಿಗಾಗಿ, ಅದೂ ಕೆನಡಾದ ನಮ್ಮ ಒಂಟಾರಿಯೊದಲ್ಲೇ. 1963ರಲ್ಲಿ ನಾರ್ತ್ ಬೇ ಊರಿನ ಸ್ಯಾಮ್ ಜ್ಯಾಕ್ಸ್ ಇದನ್ನು ಶುರು ಮಾಡಿದರು. ಎಸ್ಪನೋಲಾದ ರೆಡ್ ಮೆಕಾರ್ಥಿ ಮೊದಲ ನಿಯಮಗಳನ್ನು ರೂಪಿಸಿದರು. ಐಸ್ ಹಾಕಿ ಅಂದರೆ ಗಂಡುಮಕ್ಕಳದ್ದು ಅಂತಿದ್ದ ಕಾಲ ಅದು. 1979ರಲ್ಲಿ ಫಿನ್‌ಲೆಂಡ್‌ಗೂ ಹೋಯಿತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಎಷ್ಟೋ ಸಲ ನಮ್ಮನ್ನೇ ಸೋಲಿಸಿದ್ದಾರೆ!

ಮೊದಲು ನನಗೆ ಭಯವೇ ಇತ್ತು. ಬೇಕಂತ ಮೈಗೆ ಮೈ ಗುದ್ದುವಂತಿಲ್ಲ ಅಂತ ಗೊತ್ತಾದ ಮೇಲೇ ಹೂಂ ಅಂದಿದ್ದು. ಹೆಲ್ಮೆಟ್ಟಿನ ತ್ರಿಕೋನ ಜಾಲರಿಯನ್ನು ವೀಡಿಯೊ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿದೆ. ಕೋಲಿನ ಸಪೂರ ತುದಿ ಒಳಗೆ ನುಗ್ಗಬಾರದು ಅಂತ ಹಾಗೆ ಮಾಡಿದ್ದಾರೆ ಅಂದೆ. "ಅಯ್ಯೋ, ಮಗೂನ ಪಂಜರದಲ್ಲಿ ಹಾಕಿದ್ದೀಯಲ್ಲೇ" ಅಂದರು ಅವರು.

ನಿನ್ನ ವೇಗ ಕಡಿಮೆ ಮಾಡಿಕೋ ಅಂತ ನಾನು ಹೇಳುತ್ತಿಲ್ಲ. ಗೆರೆ ಹತ್ತಿರ ಬಂದಾಗ ಒಂದ್ಸಲ ತಲೆ ಎತ್ತು, ಸಾಕು.

ಶನಿವಾರ ಬೆಳಿಗ್ಗೆ 7ಕ್ಕೆ ಪ್ರಾಕ್ಟೀಸ್. ಆ ಹುಡುಗಿಯ ಮನೆಯವರ ಕಾರು ಕೆಟ್ಟಿದೆಯಂತೆ. ನಾವೇ ಕರೆದುಕೊಂಡು ಹೋಗುತ್ತೇವೆ ಅಂತ ಒಪ್ಪಿಕೊಂಡಿದ್ದೇನೆ. ಹಿಂದಿನ ಸೀಟಿನಲ್ಲಿರುವ ನಿನ್ನ ಬ್ಯಾಗನ್ನು ಇವತ್ತೇ ಡಿಕ್ಕಿಗೆ ಹಾಕು. ಸಿಕ್ಕಾಪಟ್ಟೆ ನಾತ ಹೊಡೆಯುತ್ತಿದೆ.

ಇತಿ,
ಅಮ್ಮ