ಒಂದೇ ರೂಮಿನ ಸಿನಿಮಾ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಮೊನ್ನೆ ಫೋನಿನಲ್ಲಿ "ಇರೋದು ಒಂದೇ ರೂಮು, ಅದರಲ್ಲಿ ಏನ್ ಸಿನಿಮಾ ತೆಗೀಲಿ ಮಾರಾಯ" ಅಂದೆಯಲ್ಲ, ಆಗ ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದ ಮೇಲೆ ಅಮೆರಿಕದ ನಿರ್ದೇಶಕ ಸಿಡ್ನಿ ಲುಮೆಟ್ ನೆನಪಾದ.

ಹಾಸ್ಟೆಲಿನಲ್ಲಿ ಅವನ '12 ಆ್ಯಂಗ್ರಿ ಮೆನ್' ಹಾಕಿದ್ದೆವು, ಕೊಲೆ ಕೇಸಿನ ತೀರ್ಪು ಹೇಳಬೇಕಾದ ಹನ್ನೆರಡು ಜನ ಸೆಕೆಯಲ್ಲಿ ಕೋರ್ಟಿನ ಒಂದೇ ರೂಮಿನಲ್ಲಿ ಕೂತು ಜಗಳವಾಡುತ್ತಾರಲ್ಲ, ಅದು. ನೀನು ಅರ್ಧಕ್ಕೇ ಗೊರಕೆ ಹೊಡೆದೆ. ಈಗ ಇನ್ನೊಮ್ಮೆ ನೋಡು. ಕಥೆ ಬಿಡು, ಗೋಡೆ ನೋಡು. ಶುರುವಿನಲ್ಲಿ ಕ್ಯಾಮೆರಾ ಕಣ್ಣಿಗಿಂತ ಎತ್ತರದಲ್ಲಿದೆ. ನಡುವೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕೊನೆಗೆ ಇನ್ನೂ ಕೆಳಗಿಳಿದು, ತಲೆ ಮೇಲಿನ ಚಾವಣಿಯೂ ಕಾಣುತ್ತದೆ. ಜೊತೆಗೆ ಲೆನ್ಸೂ ಬದಲಾಗುತ್ತಾ ಹೋಗುತ್ತದೆ, ಹಿಂದಿನ ಗೋಡೆ ಬೆನ್ನಿಗೇ ಬಂದು ಅಂಟಿದ ಹಾಗೆ. ರೂಮು ಅದೇ, ಉಸಿರು ಕಟ್ಟುವುದು ನಮಗೆ. ಕಡೆಯಲ್ಲಿ ಎಲ್ಲರೂ ಕೋರ್ಟಿನ ಮೆಟ್ಟಿಲಿಗೆ ಬಂದಾಗ ಹೆಚ್ಚು ಜಾಗ ಕಾಣಿಸುವ ಅಗಲದ ಲೆನ್ಸ್ ಹಾಕಿದ. ಅಬ್ಬಾ, ಗಾಳಿ ಬಂತು ಅನ್ನಿಸುತ್ತದೆ.

ದುಡ್ಡಿನ ವಿಷಯಕ್ಕೆ ಬಾ. ಅದು ಅವನ ಮೊದಲ ಸಿನಿಮಾ, 1957ರದ್ದು. ಎರಡು ವಾರ ರಿಹರ್ಸಲ್, ಆಮೇಲೆ 20 ದಿನದೊಳಗೆ ಶೂಟಿಂಗ್ ಮುಗಿಸಿದ. ಹೇಗೆ ಗೊತ್ತಾ? ಒಂದು ಕುರ್ಚಿಗೆ ಲೈಟ್ ಇಟ್ಟರೆ, ಆ ಕಡೆಯಿಂದ ತೆಗೆಯಬೇಕಾದ ಶಾಟ್‌ಗಳನ್ನೆಲ್ಲ ಒಟ್ಟಿಗೆ ತೆಗೆದುಬಿಡುತ್ತಿದ್ದ. ಹಾಗಾಗಿ ಜಗಳದ ಒಂದು ಮಾತು ಇವತ್ತು, ಅದರ ಉತ್ತರ ವಾರ ಬಿಟ್ಟು. ಯಾರ ಸಿಟ್ಟು ಎಲ್ಲಿಗೆ ಏರಿತ್ತು ಅನ್ನುವುದು ಅವನ ತಲೆಯಲ್ಲೇ ಇರಬೇಕು. ರಿಹರ್ಸಲ್ ಇಲ್ಲದೆ ಇದಾಗುವ ಕೆಲಸ ಅಲ್ಲ ಕಣೋ. ನೀನು ಅದನ್ನೇ ಬಿಟ್ಟುಬಿಡುತ್ತೀಯ, ಬೇಜಾರಾಗಬೇಡ.

ಥಿಯೇಟರಿನಲ್ಲಿ ಆ ಸಿನಿಮಾ ಹೆಚ್ಚು ಓಡಲಿಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಮಾತ್ರ ಅಲ್ಲಿನ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಸಿಕ್ಕಿತು.

ಈ ಚುರುಕುತನ ಅವನಿಗೆ ಎಲ್ಲಿಂದ ಬಂತು? ಅಪ್ಪ ಅಮ್ಮ ಯಿಡ್ಡಿಶ್ (ಯುರೋಪಿನ ಯಹೂದಿಗಳ ಭಾಷೆ) ನಾಟಕದವರು. ಚಿಕ್ಕ ಹುಡುಗನಾಗಿದ್ದಾಗಲೇ ರಂಗಕ್ಕೆ ಹತ್ತಿದವನು. ಎರಡನೇ ಮಹಾಯುದ್ಧದಲ್ಲಿ ರಾಡಾರ್ ಕೆಲಸಕ್ಕೆ ಸೈನ್ಯ ಅವನನ್ನು ಭಾರತ, ಬರ್ಮಾಕ್ಕೆ ಕಳಿಸಿತ್ತು. ನಮ್ಮ ಸೆಕೆ ಅವನೂ ಉಂಡಿದ್ದಾನೆ ನೋಡು! ವಾಪಸ್ ಹೋದ ಮೇಲೆ ನ್ಯೂಯಾರ್ಕಿನಲ್ಲಿ ಟಿವಿ ನಾಟಕ. ಅದೂ ಲೈವ್, ತಪ್ಪಿದರೆ ತಪ್ಪಿದ್ದೇ. ಅಲ್ಲಿ ಪಳಗಿದ ಕೈಗೆ 20 ದಿನ ಅಂದರೆ ಜಾಸ್ತಿಯೇ.

'ಸರ್ಪಿಕೋ', 'ನೆಟ್‌ವರ್ಕ್' ಎಲ್ಲ ಆಮೇಲೆ ಬಂದವು. ನನಗೆ ಇಷ್ಟ 1975ರ 'ಡಾಗ್ ಡೇ ಆಫ್ಟರ್‌ನೂನ್'. ಬ್ರೂಕ್ಲಿನ್‌ನಲ್ಲಿ ನಿಜವಾಗಿ ನಡೆದ ಬ್ಯಾಂಕ್ ದರೋಡೆಯ ಕಥೆ. ಅಲ್ಲೂ ಒಂದೇ ಜಾಗ, ಅಲ್ಲೂ ಸುಡುವ ಸೆಕೆ. ತಮಾಷೆ ಅಂದರೆ, ತೆಗೆದದ್ದು ಚಳಿ ಶುರುವಾದ ಮೇಲೆ. ಬಾಯಿಂದ ಹಬೆ ಕಾಣಬಾರದು ಅಂತ ನಟರು ಐಸ್ ಚೂರು ಬಾಯಲ್ಲಿಟ್ಟುಕೊಂಡು ಮಾತಾಡಿದರಂತೆ!

ಎಲ್ಲವೂ ಗೆದ್ದಿತು ಅಂತಲ್ಲ. 'ದಿ ವಿಜ್' ದುಡ್ಡು ಸುರಿದು ಮಾಡಿದ್ದು, ಮಕಾಡೆ ಬಿತ್ತು. ನಿರ್ದೇಶನಕ್ಕೆ ನಾಲ್ಕು ಸಲ ಆಸ್ಕರ್‌ಗೆ ಹೆಸರು ಬಂತು, ಒಂದು ಸಲವೂ ಸಿಗಲಿಲ್ಲ. ಕೊನೆಗೆ 2005ರಲ್ಲಿ ಗೌರವದ ಆಸ್ಕರ್ ಕೊಟ್ಟರು. ಅಷ್ಟಾದ ಮೇಲೂ ಸುಮ್ನೆ ಕೂರದೆ 2007ರಲ್ಲಿ, ವಯಸ್ಸು 83 ಆಗುವ ಹೊತ್ತಿಗೆ, ಇನ್ನೊಂದು ಸಿನಿಮಾ ತೆಗೆದ. 2011ರಲ್ಲಿ ತೀರಿಕೊಂಡ.

ಸರಿ, ನಿನ್ನ ರೂಮಿಗೆ ಕಿಟಕಿ ಎಷ್ಟು? ಯಾವ ಗೋಡೆಗೆ ಬಿಸಿಲು ಬೀಳುತ್ತದೆ? ಉದ್ದಗಲ ಅಳೆದು ಕಳಿಸು. ಭಾನುವಾರ ನಾನೇ ಬರುತ್ತೇನೆ. ಮೊದಲು ಕ್ಯಾಮೆರಾ ಬೇಡ, ರಿಹರ್ಸಲ್‌ಗೆ ನೆಲದ ಮೇಲೆ ಗುರುತು ಹಾಕಲು ಸೀಮೆಸುಣ್ಣ ತಂದಿಡು.

ನಿನ್ನ,
ಸುರೇಶ